ತಾತನ ಕಾರ್ಡು



ಮೊನ್ನೆ ಜೂನ್ 1ಕ್ಕೆ ನಮ್ಮ ಅಪ್ಪನಿಗೆ ಎಪ್ಪತ್ತು ತುಂಬಿತು. ನಿಜವಾಗಿ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸಿದಾಗ ಮೇಷ್ಟ್ರು ಬರೆದುಕೊಂಡದ್ದೇ ತಾರೀಖು. ನಿಮ್ಮ ಮನೆಯಲ್ಲೂ ಒಬ್ಬರಾದರೂ ಜೂನ್ 1ರವರು ಇರುತ್ತಾರೆ.

ಪಿಯುಸಿ ಓದುವ ಮಗಳು ತಾತನಿಗೆ ಕೈಯಾರೆ ಕಾರ್ಡು ಮಾಡುತ್ತೇನೆಂದು ಕೂತಳು. ‘ಗ್ರಂಜ್ ಸ್ಟೈಲ್’ ಅಂತೆ. ಗಂಡಸರ ಕಾರ್ಡಿಗೆ ಹೂವು, ಮಿಂಚು ಒಪ್ಪುವುದಿಲ್ಲ, ಇದೇ ಚೆನ್ನ ಅಂದಳು. 1990ರ ಸುಮಾರಿಗೆ ಅಮೆರಿಕದ ಸಿಯಾಟಲ್ ಕಡೆಯ ಹಾಡುಗಾರರು ಹಳೇ ಅಂಗಿ, ಹರಿದ ಜೀನ್ಸ್ ಹಾಕಿಕೊಂಡು ಹಾಡಿ ಹೆಸರು ಮಾಡಿದ ಶೈಲಿ ಅದು. ರಟ್ಟಿನ ಮೇಲೆ ಕಂದು ಕಾಗದ ಅಂಟಿಸಿದಳು. ಕತ್ತರಿ ಮುಟ್ಟಲಿಲ್ಲ. ಸ್ಕೇಲ್ ಒತ್ತಿ ಹಿಡಿದು ಕಾಗದವನ್ನು ತನ್ನ ಕಡೆಗೆ ಎಳೆದೆಳೆದು ಹರಿದಳು, ಅಂಚಿನಲ್ಲಿ ಬಿಳಿ ನಾರು ಏಳಲಿ ಅಂತ. ಟೀ ಡಿಕಾಕ್ಷನ್ ಸವರಿ ಒಣಗಿಸಿದಳು. ಸ್ಪಂಜಿನ ಚೂರಿಗೆ ಕಪ್ಪು ಶಾಯಿ ಮುಟ್ಟಿಸಿ ಅಂಚಿಗೆಲ್ಲ ತಟ್ಟಿದಳು. ಮೇಲೊಂದು ಹಳೇ ಪೇಪರಿನ ತುಂಡು, ಗೋಣಿದಾರ. ನೋಡಲು ಚೆನ್ನಾಗಿಯೇ ಇತ್ತು. ನನಗೆ ಮಾತ್ರ ಕಸಿವಿಸಿ.

ಅಪ್ಪ ಪಾಂಡವಪುರದ ಕಡೆ ನೀರಗಂಟಿಯಾಗಿದ್ದವರು. ಹುಡುಗರಾಗಿದ್ದಾಗ ಅವರ ಮೈಮೇಲೆ ಇದ್ದದ್ದು ಜಮೀನಿನ ಮನೆಯವರು ಉಟ್ಟು ಬಿಟ್ಟ ಅಂಗಿ. ಗುಂಡಿ ಇಲ್ಲ, ಬೆನ್ನು ಹರಿದಿದೆ. ಇವತ್ತಿಗೂ ಇಸ್ತ್ರಿ ಮಾಡದ ಅಂಗಿಯಲ್ಲಿ ಹಾಲಿನ ಡೈರಿಗೂ ಹೋಗುವವರಲ್ಲ. ಅಂಥವರ ಕೈಗೆ ಹರಿದದ್ದನ್ನು, ಕೊಳೆ ಮಾಡಿದ್ದನ್ನು ಸ್ಟೈಲ್ ಅಂತ ಕೊಡುವುದೇ?

ಚಾಂಡಾಲರು ಹೆಣದ ಬಟ್ಟೆ ಉಡಬೇಕೆಂದು ಬರೆದದ್ದು ಮನುಸ್ಮೃತಿ. ಅದನ್ನು 1927ರ ಡಿಸೆಂಬರ್ 25ರಂದು ಬಾಬಾಸಾಹೇಬರ ನೇತೃತ್ವದಲ್ಲಿ ಮಹಾಡ್‌ನಲ್ಲಿ ಸುಟ್ಟರು. ಅಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರೆಂದು ಗುರುತು ಹೇಳುವ ಉಡುಗೆ ತೊಡುಗೆ ಬಿಡಿ ಎಂದು ಬಾಬಾಸಾಹೇಬರು ಹೇಳಿದರು. ಅವರ ಸೂಟು ಷೋಕಿಯಲ್ಲ ಅನ್ನುವುದು ನಮಗೆ ಗೊತ್ತು. ಅಪ್ಪನ ಇಸ್ತ್ರಿಯೂ ಷೋಕಿಯಲ್ಲ.

ಆದರೆ ನಮ್ಮ ಧಮ್ಮದಲ್ಲೇ ಪಂಸುಕೂಲ ಚೀವರವಿದೆಯಲ್ಲ! ಕಸದ ರಾಶಿಯಲ್ಲಿ, ಸ್ಮಶಾನದಲ್ಲಿ ಬಿದ್ದ ಬಟ್ಟೆ ಆಯ್ದು, ಒಗೆದು, ಹೊಲಿದು, ಬಣ್ಣ ಕಟ್ಟಿ ಭಿಕ್ಖುಗಳು ಉಡುತ್ತಿದ್ದರು. ಚೀವರದ ತುಂಡುಗಳನ್ನು ಜೋಡಿಸುವ ಮಾದರಿ ಮಗಧದ ಗದ್ದೆ ಬದುಗಳದ್ದು. ಭಗವಾನರು ಗದ್ದೆ ತೋರಿಸಿದರು, ಆನಂದರು ಹಾಗೇ ಮಾಡಿಸಿದರು ಎನ್ನುತ್ತದೆ ವಿನಯಪಿಟಕ. ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಬರುವಾಗ ನಾಲೆ ಬಯಲು ನೋಡಿ, ಚೀವರ ಹಾಸಿದ ಹಾಗೇ ಕಾಣುತ್ತದೆ. (ನಾಗಮಂಗಲದ ಬಂಧುಗಳು ಕ್ಷಮಿಸಬೇಕು, ನಿಮ್ಮದು ಒಣಸೀಮೆ.) ಹೆಣದ ಬಟ್ಟೆ ಅಲ್ಲೂ ಇದೆ, ಇಲ್ಲೂ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ದೇವದತ್ತ ಐದು ಬೇಡಿಕೆ ಇಟ್ಟ. ಅದರಲ್ಲಿ ಒಂದು, ಎಲ್ಲ ಭಿಕ್ಖುಗಳೂ ಸಾಯುವವರೆಗೆ ಪಂಸುಕೂಲವನ್ನೇ ಉಡಬೇಕು ಅನ್ನುವುದು. ಭಗವಾನರು ಒಪ್ಪಲಿಲ್ಲ. ಬೇಕಾದವರು ಚಿಂದಿ ಉಡಲಿ, ಬೇಕಾದವರು ಗೃಹಸ್ಥರು ಕೊಟ್ಟದ್ದು ಉಡಲಿ ಎಂದರು. ಜೀವಕ ವೈದ್ಯರು ತಂದ ಬೆಲೆಬಾಳುವ ಬಟ್ಟೆಯನ್ನು ಅದಕ್ಕೂ ಮೊದಲೇ ತಾವೇ ಸ್ವೀಕರಿಸಿದ್ದರು. ಉಡುವವರ ಇಷ್ಟಕ್ಕೆ ಬಿಟ್ಟದ್ದು ಭಗವಾನರು. ಮನುವೂ ಕೇಳಲಿಲ್ಲ, ದೇವದತ್ತನೂ ಕೇಳಲಿಲ್ಲ.

ಮಗಳಿಗೆ ಅಂಗಿಯ ಕಥೆ ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ. ತಪ್ಪು ನನ್ನದೇ, ತರಗತಿಯಲ್ಲಿ ಎಲ್ಲರ ಕಥೆ ಹೇಳುತ್ತೇನೆ. ತುಂಬ ಹೊತ್ತು ಸುಮ್ಮನೆ ಕೂತಿದ್ದಳು. ಕೊಡುವಾಗ ತಾತನನ್ನು ಕೇಳು ಅಂದೆ.

ಕೆ.ಆರ್.ಪೇಟೆಯಿಂದ ಬೆಳಗಿನ ಬಸ್ಸಿಗೇ ಊರಿಗೆ ಹೋದೆವು. ಅಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು.

“ಇದ್ಯಾಕವ್ವ, ಅಂಚೆಲ್ಲ ಹರಿದೋಗದೆ?”

“ಹರಿದೋಗಿಲ್ಲ ತಾತ, ನಾನೇ ಹರಿದಿದ್ದು. ಬ್ಯಾಡ ಅಂದ್ರೆ ಬೇರೆ ಮಾಡ್ಕೊಡ್ತೀನಿ.”

ಅಪ್ಪ ಅವಳ ಮುಖ ನೋಡಿದರು. “ಹರಿದಿರೋದ ಕೊಡೋರು ಬೇಕಾದಷ್ಟು ಜನ ಇದ್ರು ಕಣವ್ವ. ಬ್ಯಾಡ ಅಂದ್ರೆ ಬೇರೆ ಕೊಡ್ತೀನಿ ಅಂದೋರು ಒಬ್ರೂ ಇರ್ನಿಲ್ಲ.”

ಕಾರ್ಡನ್ನು ಬಾಬಾಸಾಹೇಬರ ಫೋಟೋ ಪಕ್ಕ ಒರಗಿಸಿಟ್ಟರು. ಸ್ವಲ್ಪ ಹೊತ್ತಿಗೆ ಎದ್ದು ಬಂದು, ಮೂಲೆ ಒಂಚೂರು ಸುಕ್ಕಾಗಿದೆ ಅಂತ ಇಸ್ತ್ರಿ ಪೆಟ್ಟಿಗೆ ಹುಡುಕತೊಡಗಿದರು.

ಜೈ ಭೀಮ್.