ಸಲಹೆಯ ಋಣ

ಒಬ್ಬ ಮನುಷ್ಯನು ಮತ್ತೊಬ್ಬನಿಗೆ ಕೊಡಬಹುದಾದವುಗಳಲ್ಲಿ ಸಲಹೆಯಷ್ಟು ಸುಲಭವಾದುದು ಬೇರೊಂದಿಲ್ಲ. ಅನ್ನ ನೀಡಿದವನ ಹಗೇವು ಅಷ್ಟರಮಟ್ಟಿಗೆ ಬರಿದಾಗುತ್ತದೆ. ಹಣ ಕೊಟ್ಟವನ ಗಂಟು ಕರಗುತ್ತದೆ. ಸಲಹೆ ಕೊಟ್ಟವನು ಆ ಗಳಿಗೆಯಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಅದನ್ನು ನಂಬಿ ನಡೆದವನು ತನ್ನ ಹೊಲವನ್ನು, ತನ್ನ ದುಡಿಮೆಯನ್ನು, ಕೆಲವೊಮ್ಮೆ ಮಕ್ಕಳ ಪಾಲನ್ನೂ ಆ ಮಾತಿನ ಮೇಲೆ ಒಡ್ಡಿರುತ್ತಾನೆ. ಮಾತು ಒಬ್ಬನದು, ಅದರ ಫಲ ಮತ್ತೊಬ್ಬನದು. ಹೀಗಿರುವಾಗ ಸಲಹೆಗಾರನ ಹೊಣೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ? ಇದು ನೀತಿಶಾಸ್ತ್ರದ ಹಳೆಯ ಪ್ರಶ್ನೆ. ಆದರೆ ಇಂದು ಅದು ಹೊಸ ವೇಷದಲ್ಲಿ ನಮ್ಮ ಬಾಗಿಲಿಗೆ ಬಂದಿದೆ.

ಪರಿಸರದ ವಿಷಯವು ಎಲ್ಲ ಹಂತದ ಶಿಕ್ಷಣದಲ್ಲಿಯೂ ಇರಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಆದೇಶಿಸಿತು. 2003ರಲ್ಲಿ ನ್ಯಾಯಾಲಯವು ಮತ್ತೊಮ್ಮೆ ಎಚ್ಚರಿಸಿದ ಮೇಲೆ ಪದವಿ ತರಗತಿಗಳಲ್ಲಿ ಅದು ಕಡ್ಡಾಯವಾದ ಪಠ್ಯವಾಯಿತು. ಇದಕ್ಕೂ ಮೊದಲು, 1987ರಲ್ಲಿ, ವಿಶ್ವಸಂಸ್ಥೆಯು ನೇಮಿಸಿದ್ದ ಆಯೋಗವೊಂದು ಮುಂದಿನ ಪೀಳಿಗೆಯ ಅಗತ್ಯಗಳಿಗೆ ಧಕ್ಕೆ ತಾರದೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವ ಅಭಿವೃದ್ಧಿಯೇ ಸುಸ್ಥಿರ ಅಭಿವೃದ್ಧಿಯೆಂದು ಜಗತ್ತಿಗೆ ಸಾರಿತ್ತು. ಈಗ ವಿಶ್ವವಿದ್ಯಾಲಯಗಳು ಸುಸ್ಥಿರತೆಯ ಶಿಕ್ಷಣಕ್ಕಾಗಿಯೇ ಕೇಂದ್ರಗಳನ್ನು ತೆರೆಯುತ್ತಿವೆ. ಅವುಗಳಿಗೆ ದಾರಿ ತೋರಲು ತಜ್ಞರ ಸಲಹಾ ಮಂಡಳಿಗಳು ನೇಮಕವಾಗುತ್ತಿವೆ. ಇದು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಸಲಹೆಯ ಫಲವನ್ನು ಉಣ್ಣುವವರು ಎದುರಿಗೆ ಕುಳಿತವರಷ್ಟೇ ಅಲ್ಲ. ಇನ್ನೂ ಹುಟ್ಟದವರೂ ಅವರಲ್ಲಿ ಸೇರಿದ್ದಾರೆ. ಅವರು ಬಂದು ಪ್ರಶ್ನಿಸುವ ಹೊತ್ತಿಗೆ ಸಲಹೆ ಕೊಟ್ಟವರು ಇರುವುದಿಲ್ಲ. ಆದುದರಿಂದ ಈ ಹೊಣೆ ಇನ್ನಿತರ ಸಲಹೆಗಳ ಹೊಣೆಗಿಂತ ಹೆಚ್ಚು ತೂಕದ್ದು.

ಸುರೇಬಾನದಂಥ ಒಕ್ಕಲುತನದ, ನೇಕಾರಿಕೆಯ ಊರಿಗೂ ವಿಶ್ವವಿದ್ಯಾಲಯದ ಸಲಹಾ ಮಂಡಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಸಂಬಂಧವನ್ನು ನಮ್ಮ ಮಲಪ್ರಭೆಯೇ ಹೇಳುತ್ತಾಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಗೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು. 1970ರ ದಶಕದಲ್ಲಿ ಕಾಲುವೆಗಳು ನರಗುಂದ, ನವಲಗುಂದ, ಸವದತ್ತಿ, ರಾಮದುರ್ಗಗಳ ಎರಿ ಹೊಲಗಳತ್ತ ಹರಿದವು. ಅದೇ ಕಾಲಕ್ಕೆ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಬಿ. ಎಚ್. ಕಟರಕಿಯವರ ವರಲಕ್ಷ್ಮಿ ಹತ್ತಿಯ ತಳಿ ಹೊರಬಂದಿತು. ನೀರೂ ಬಂದಿತು, ಬೀಜವೂ ಬಂದಿತು. ಮಳೆಯನ್ನೇ ನೆಚ್ಚಿ ಜೋಳ, ಗೋಧಿ, ಕಡಲೆ ಬೆಳೆಯುತ್ತಿದ್ದ ರೈತನು ಎರಡನ್ನೂ ಕೈಮುಗಿದು ಸ್ವೀಕರಿಸಿದನು.

ಆಮೇಲಾದುದು ಈ ಸೀಮೆಯ ಹಿರಿಯರಿಗೆಲ್ಲ ತಿಳಿದ ಸಂಗತಿ. ಎರಿ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ ಮಣ್ಣು; ಬೇಗ ಬಸಿಯಗೊಡದು. ಬಸಿಗಾಲುವೆಗಳಿಲ್ಲದ ಕಡೆಗೆ ಕಾಲುವೆಯ ನೀರು ನಿಂತು ನೆಲದೊಳಗಿನ ನೀರಿನ ಮಟ್ಟ ಮೇಲೇರಿತು. ಅದರೊಡನೆ ಉಪ್ಪೂ ಮೇಲೆ ಬಂದು, ನೀರು ಆವಿಯಾದಂತೆ ಹೊಲದ ಮೈಮೇಲೆ ಬೆಳ್ಳಗೆ ಉಳಿಯಿತು. ಫಲವತ್ತಾದ ಭೂಮಿ ಎಷ್ಟೋ ಕಡೆ ಸವಳು-ಜವಳಾಯಿತು. ಅತ್ತ ಹತ್ತಿಯ ಧಾರಣೆ ಕುಸಿಯಿತು. ಇಷ್ಟಾದ ಮೇಲೆ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವೂ ಬೇಕೆಂದು ಬೇಡಿಕೆ ಬಂದಾಗ ರೈತರ ತಾಳ್ಮೆ ಕಡಿಯಿತು. 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ನಡೆದ ಗೋಲೀಬಾರು, ಹೋದ ಜೀವಗಳು, ಎದ್ದ ರೈತ ಚಳವಳಿ, ಇವೆಲ್ಲ ನಾಡಿನ ಇತಿಹಾಸದಲ್ಲಿ ಸೇರಿವೆ.

ಈ ಕಥೆಯಲ್ಲಿ ದುಷ್ಟರನ್ನು ಹುಡುಕುವುದು ಸರಿಯಲ್ಲ. ಅಣೆಕಟ್ಟಿನ ಅಭಿಯಂತರನು ತನ್ನ ವಿದ್ಯೆಯಲ್ಲಿ ನಿಪುಣನಾಗಿದ್ದನು. ಬೀಜ ಶಾಸ್ತ್ರಜ್ಞನ ಸಾಧನೆ ದೇಶವೇ ಮೆಚ್ಚುವಂಥದು. ಯೋಜನೆಯನ್ನು ರೂಪಿಸಿದವರು ಲಘು ನೀರಾವರಿಯ ಬೆಳೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಹಾಗಾದರೆ ದೋಷವೆಲ್ಲಿ? ನೀರು ಬಲ್ಲವನು ನೀರಿನ ಮಾತು ಹೇಳಿ ಹೋದನು, ಬೀಜ ಬಲ್ಲವನು ಬೀಜದ ಮಾತು ಹೇಳಿ ಹೋದನು. ಇವೆಲ್ಲ ಒಂದೇ ಹೊಲದಲ್ಲಿ ಕೂಡಿದಾಗ ಏನಾದೀತೆಂದು ನೋಡಲು ಮರುವರ್ಷ, ಐದನೆಯ ವರ್ಷ, ಹತ್ತನೆಯ ವರ್ಷ ಮರಳಿ ಬರುವ ಹೊಣೆಯನ್ನು ಯಾರಿಗೂ ವಹಿಸಿರಲಿಲ್ಲ. ಸಲಹೆ ಬಂದಿತು, ಸಲಹೆಗಾರನು ಮರಳಿ ಬರಲಿಲ್ಲ. ಮರಳಿ ಬಂದುದು ಕರದ ನೋಟೀಸು.

ಮಲಪ್ರಭೆಯ ಮೂಲವಾದ ಸಹ್ಯಾದ್ರಿಯ ಕಾಡಿನತ್ತ ನಡೆದರೆ ಇನ್ನೊಂದು ಪಾಠ ದೊರೆಯುತ್ತದೆ. ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರು ಕ್ಷೀಣಿಸುತ್ತಿದ್ದುದನ್ನು ಕಂಡು, ಅದರ ಕಾರಣವನ್ನು ಅರಿಯಲು ರಾಜ್ಯ ಸರ್ಕಾರವು 1970ರ ದಶಕದ ನಡುವೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಕೇಳಿಕೊಂಡಿತು. ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಸವರಿ ಸ್ವಚ್ಛಗೊಳಿಸಿದರೆ ಮೆಳೆ ಚೆನ್ನಾಗಿ ಬೆಳೆಯುವುದೆಂಬುದು ಅರಣ್ಯ ಶಾಸ್ತ್ರ ಬಲ್ಲವರ ಮತವಾಗಿತ್ತು. ಅದರಂತೆಯೇ ಕೆಲಸವೂ ನಡೆದಿತ್ತು. ಕಾಡಿನಂಚಿನ ಹಳ್ಳಿಗರು ಬೇರೆಯದನ್ನೇ ಹೇಳಿದರು. ಮುಳ್ಳು ಮೆಳೆಗೆ ಬೇಲಿ. ಅದನ್ನು ತೆಗೆದರೆ ಎಳೆಯ ಕಳಲೆಯನ್ನು ದನಗಳೂ ಕಾಡುಮೃಗಗಳೂ ತಿಂದುಹಾಕುತ್ತವೆ ಎಂಬುದು ಅವರ ಅನುಭವ. ಗಾಡ್ಗೀಳರು ಈ ಮಾತನ್ನು ಅಜ್ಞಾನಿಗಳ ಮಾತೆಂದು ತಳ್ಳಿಹಾಕಲಿಲ್ಲ. ಹಳ್ಳಿಗರ ಮಾತೆಂಬ ಮೋಹದಿಂದ ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಕಾಡಿನಲ್ಲಿಯೇ ಪರೀಕ್ಷಿಸಿ ನೋಡಿದರು. ಹಳ್ಳಿಗರ ಮಾತೇ ನಿಜವಾಯಿತು. ಕೇಳುವುದು, ಅನಂತರ ಒರೆಗೆ ಹಚ್ಚುವುದು, ಆಮೇಲೆ ನುಡಿಯುವುದು: ತಜ್ಞನೆನಿಸಿಕೊಂಡವನಿಗೆ ಈ ಕ್ರಮ ತಪ್ಪಬಾರದು.

ಅದೇ ವಿಜ್ಞಾನ ಸಂಸ್ಥೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುವ ಉದಾಹರಣೆಯೂ ಇದೆ. ವಿದ್ಯುತ್ ರಸಾಯನ ಶಾಸ್ತ್ರದಲ್ಲಿ ವಿಶ್ವಖ್ಯಾತಿ ಗಳಿಸಿದ್ದ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಸಂಗಡಿಗರೊಡನೆ 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ, ತಂತ್ರಜ್ಞಾನಗಳನ್ನು ಅನ್ವಯಿಸುವುದೇ ಅದರ ಉದ್ದೇಶ. ಇಂದು ಅದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ನಡೆದಿದೆ. ಸಂಸ್ಥೆಯ ಆವರಣದಲ್ಲಿ ಕುಳಿತರೆ ಹಳ್ಳಿ ತಿಳಿಯದೆಂದು ಅವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ನೆಲೆ ಮಾಡಿಕೊಂಡರು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆಂದು ಮನೆಮನೆಗೆ ಹೋಗಿ ಅಳೆದರು. ಹಳ್ಳಿಯ ಶಕ್ತಿಯ ಬಹುಪಾಲು ಅಡುಗೆಯ ಒಲೆಯಲ್ಲಿ ಕಟ್ಟಿಗೆಯಾಗಿ ಉರಿದುಹೋಗುತ್ತಿತ್ತು. ಆ ಕಟ್ಟಿಗೆಯನ್ನೂ ನೀರನ್ನೂ ಹೊತ್ತು ತರುವ ಭಾರ ಹೆಚ್ಚಾಗಿ ಹೆಣ್ಣುಮಕ್ಕಳ ತಲೆಯ ಮೇಲಿತ್ತು. ಕಟ್ಟಿಗೆ ಉಳಿಸುವ, ಹೊಗೆಯನ್ನು ಹೊರಗೆ ಕಳಿಸುವ 'ಅಸ್ತ್ರ ಒಲೆ' ನಾಡಿನ ಅನೇಕ ಅಡುಗೆಮನೆಗಳನ್ನು ಸೇರಿದುದು ಇಂಥ ಅಳತೆಯ ಫಲ.

ಅದೇ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ನಡೆದುದು ಇನ್ನೂ ಬೋಧಪ್ರದವಾಗಿದೆ. ಊರಿಗೆಲ್ಲ ಒಂದೇ ಗೋಬರ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆಯ ಅನಿಲ ಒದಗಿಸುವುದು ತಜ್ಞರ ಮೊದಲ ಸಂಕಲ್ಪವಾಗಿತ್ತು. ಊರಿನಲ್ಲಿ ದೊರೆಯುವ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ, ಯೋಜನೆ ನಿಂತಿತು. ಇಂಥ ಸಂದರ್ಭದಲ್ಲಿ ಜನರಿಗೆ ತಿಳಿವಳಿಕೆ ಸಾಲದೆಂದು ವರದಿ ಬರೆದು ಕೈತೊಳೆದುಕೊಳ್ಳುವುದು ಸುಲಭದ ದಾರಿ. ಆದರೆ ಅವರು ಮರಳಿ ಹೋಗಿ ಊರಿನವರೊಡನೆ ಕುಳಿತರು. ಊರಿನ ಮೊದಲ ಬೇಡಿಕೆ ಕುಡಿಯುವ ನೀರಾಗಿತ್ತು. 1987ರಿಂದ ಅದೇ ಅನಿಲದಿಂದ ಚಿಕ್ಕದೊಂದು ಡೀಸೆಲ್ ಎಂಜಿನ್ನು ಓಡಿತು. ಕೊಳವೆಬಾವಿಯ ನೀರು ನಲ್ಲಿಗೆ ಬಂದಿತು. ಮನೆಗಳಲ್ಲಿ ದೀಪ ಹೊತ್ತಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ ಸಂದಿತು, ಗೊಬ್ಬರವೂ ಮರಳಿ ದೊರೆಯಿತು. ಊರಿನ ಹುಡುಗರೇ ಯಂತ್ರ ನಡೆಸಿದರು. ಆ ವ್ಯವಸ್ಥೆ ಹಲವು ವರ್ಷ ನಡೆಯಿತು. ಯಂತ್ರಗಳಿಗೆ ಆಯುಷ್ಯವಿದೆ, ತಮ್ಮ ಸಲಹೆ ಫಲಿಸಲಿಲ್ಲವೆಂದು ಕಂಡ ಮೇಲೆಯೂ ಅದೇ ಊರಿಗೆ ಮರಳಿ ಹೋದವರ ನಡತೆ ಮಾತ್ರ ಹಳೆಯದಾಗದು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಎಲ್ಲವನ್ನೂ ಜನರೇ ಬಲ್ಲರೆಂದರೆ ತಜ್ಞರೇಕೆ, ವಿಶ್ವವಿದ್ಯಾಲಯವೇಕೆ? ಹೆಚ್ಚು ನೀರು ಹಾಯಿಸಿದವನು ರೈತನೇ ಅಲ್ಲವೇ? ಫಲವನ್ನು ತಾನೂ ಹೊರಬೇಕೆಂದರೆ ತಜ್ಞನು ಅಂಜಿ ಬಾಯಿಮುಚ್ಚಿಕೊಳ್ಳುವುದಿಲ್ಲವೇ? ಈ ಆಕ್ಷೇಪವನ್ನು ಹಗುರಾಗಿ ತೆಗೆದುಕೊಳ್ಳಬಾರದು. ಕಾಲುವೆಯ ಮೇಲ್ದಂಡೆಯವನ ಆಶೆ ಕೆಳದಂಡೆಯವನ ಗಂಟಲು ಒಣಗಿಸುವುದು ನಮ್ಮ ಕಣ್ಣೆದುರಿನ ಸತ್ಯ. ನೆಲದೊಳಗಿನ ಉಪ್ಪು ರೈತನ ಕಣ್ಣಿಗೆ ಬೀಳುವ ಮೊದಲೇ ತಜ್ಞನ ಉಪಕರಣಕ್ಕೆ ಬೀಳುತ್ತದೆ. ಅಪ್ರಿಯವಾದರೂ ಹಿತವನ್ನು ನುಡಿಯುವುದು ಬಲ್ಲವನ ಧರ್ಮ. ಗಾಡ್ಗೀಳರ ಅಧ್ಯಕ್ಷತೆಯಲ್ಲಿ 2010ರಲ್ಲಿ ನೇಮಕವಾದ ಪಶ್ಚಿಮ ಘಟ್ಟಗಳ ತಜ್ಞರ ಸಮಿತಿಯು ಹಲವರಿಗೆ ಅಪ್ರಿಯವಾದ ಮಾತುಗಳನ್ನೇ ಹೇಳಿತು. ಆದರೆ ನಿರ್ಣಯಗಳು ಗ್ರಾಮಸಭೆಗಳಲ್ಲಿ ಆಗಬೇಕೆಂದೂ ಹೇಳಿತು. 2011ರಲ್ಲಿ ಸಿದ್ಧವಾದ ಆ ವರದಿಯನ್ನು 2012ರಲ್ಲಿ ನ್ಯಾಯಾಲಯದ ಆದೇಶವಾಗುವವರೆಗೆ ಸರ್ಕಾರ ಪ್ರಕಟಿಸಲಿಲ್ಲ. ವರದಿಗಿಂತ ಮೊದಲೇ ಗಾಳಿಸುದ್ದಿ ಹಳ್ಳಿ ಸೇರಿತು. ಯಾರ ಬದುಕಿಗೆ ಸಲಹೆಯೋ ಅವರ ಕೈಗೆ ಅವರ ನುಡಿಯಲ್ಲಿ ಅದು ತಲುಪದಿದ್ದರೆ, ಸರಿಯಾದ ಸಲಹೆಯೂ ನಿಷ್ಫಲವಾಗುತ್ತದೆ.

ಆದುದರಿಂದ ತಜ್ಞನಿಂದ ನಾವು ಬೇಡುವುದು ಸರ್ವಜ್ಞತ್ವವನ್ನಲ್ಲ. ತಪ್ಪೇ ಆಗದ ಮಾತನ್ನೂ ಅಲ್ಲ. ತಾನು ಬಲ್ಲುದರ ಎಲ್ಲೆಯನ್ನು ಮೊದಲೇ ಹೇಳುವುದು. ಫಲ ಉಣ್ಣುವವರನ್ನು ಕೇಳಿ ನುಡಿಯುವುದು. ನುಡಿದ ಮೇಲೆ ಮರಳಿ ಬಂದು ನೋಡುವುದು. ಇಷ್ಟೇ. ಇವುಗಳಲ್ಲಿ ಮೂರನೆಯದೇ ಕಠಿಣ. ಏಕೆಂದರೆ ಮೊದಲಿನ ಎರಡು ಸಭೆಯಲ್ಲಿ ನಡೆಯುತ್ತವೆ. ಮೂರನೆಯದು ಬಿಸಿಲಿನಲ್ಲಿ, ಹೊಲದ ಬದುವಿನ ಮೇಲೆ ನಡೆಯಬೇಕು.

ಸುರೇಬಾನದ ಸಮೀಪದಲ್ಲಿಯೇ ಶಬರಿಕೊಳ್ಳವಿದೆ. ಶಬರಿಯು ಶ್ರೀರಾಮನಿಗಾಗಿ ಕಾದುದು ಇಲ್ಲಿಯೇ ಎಂಬುದು ಈ ಸೀಮೆಯ ಜನರ ನಂಬಿಕೆ. ಬಾರಿಹಣ್ಣನ್ನು ಆಕೆ ತಾನು ಕಚ್ಚಿ ರುಚಿ ನೋಡಿಯೇ ಕೊಟ್ಟಳೆಂದು ಜನಪದರು ಹೇಳುತ್ತಾರೆ. ಅದನ್ನು ಭಕ್ತಿಯ ಕಥೆಯೆಂದು ಕೇಳುತ್ತ ಬಂದಿದ್ದೇವೆ. ಹೊಣೆಯ ಕಥೆಯೆಂದೂ ಕೇಳಬಹುದು. ಹುಳಿಯಾದುದು, ಹುಳ ಹಿಡಿದುದು ಮೊದಲು ತನ್ನ ನಾಲಗೆಗೇ ತಿಳಿಯಲಿ, ಅತಿಥಿಯ ನಾಲಗೆಗೆ ಬೇಡ ಎಂದು ಬಗೆದವಳು ಆಕೆ. ತಾನು ರುಚಿ ನೋಡದ ಹಣ್ಣನ್ನು ಪರರಿಗೆ ನೀಡಲಾರೆನೆಂಬ ಈ ಸಂಕೋಚ ಓದುಬರಹವಿಲ್ಲದ ಮುದುಕಿಗೆ ಇತ್ತು. ನೀರು ಉಳಿಸುವ ವಿದ್ಯೆಯನ್ನು ಬೋಧಿಸುವ ಕೇಂದ್ರವು ತನ್ನ ಮಾಳಿಗೆಯ ಮಳೆನೀರನ್ನು ಚರಂಡಿಗೆ ಬಿಡುತ್ತಿದ್ದರೆ, ಆ ಬೋಧನೆ ರುಚಿ ನೋಡದ ಹಣ್ಣಲ್ಲದೆ ಮತ್ತೇನು? ನಡೆಯಲ್ಲಿ ಇಲ್ಲದುದು ನುಡಿಯಲ್ಲಿ ಎಷ್ಟಿದ್ದರೂ ವಿದ್ಯಾರ್ಥಿಯ ಕಣ್ಣು ಅದನ್ನು ಕಂಡುಹಿಡಿಯದೆ ಬಿಡುವುದಿಲ್ಲ.

ಇನ್ನು ಈ ಪುಟಗಳನ್ನು ಓದುವ ನಮ್ಮಲ್ಲಿ ಅನೇಕರಿಗೆ ನೇರವಾಗಿ ತಟ್ಟುವ ಮಾತೊಂದಿದೆ. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಇಂದು ಪ್ರಾಧ್ಯಾಪಕರಾಗಿ, ಅಭಿಯಂತರರಾಗಿ, ಅಧಿಕಾರಿಗಳಾಗಿ ಇಂಥ ಸಲಹಾ ಮಂಡಳಿಗಳಲ್ಲಿ ಕುಳಿತಿದ್ದಾರೆ. ಅವರು ಉಂಡ ರೊಟ್ಟಿಯ ಜೋಳ ಎಲ್ಲಿಂದ ಬಂದಿತು? ಊರೂರಿನ ಒಕ್ಕಲು ಮಕ್ಕಳು ಸುಗ್ಗಿಯ ಕಾಲಕ್ಕೆ ಚೀಲ ತುಂಬಿ ಕಳಿಸಿದ ಜೋಳವದು. ಇದೇ ಎರಿ ಹೊಲಗಳ ಫಲ. ಕೆಲವು ಸವಳಾದ ಹೊಲಗಳ ಫಲವೂ ಅದರಲ್ಲಿದ್ದಿರಬಹುದು. ಹೀಗಿರುವಾಗ ಬಲ್ಲವನು ಹಳ್ಳಿಗೆ ಸಲಹೆಯನ್ನು ದಾನ ಮಾಡುತ್ತೇನೆಂದು ಭಾವಿಸುವುದೇ ತಪ್ಪು. ಉಂಡುದರ ಒಂದು ಅಂಶವನ್ನು ಅವನು ಮರಳಿಸುತ್ತಿದ್ದಾನೆ. ದಾನ ಕೊಟ್ಟವನು ಕೊಟ್ಟು ಮರೆಯಬಹುದು. ಸಾಲ ತೀರಿಸುವವನು ಮರೆಯುವಂತಿಲ್ಲ, ಕೊಟ್ಟುದು ತಲುಪಿತೋ ಇಲ್ಲವೋ ಎಂದು ಕೇಳಿ ತಿಳಿಯಲೇಬೇಕು. ದಾಸೋಹವೆಂಬ ಮಾತಿನ ಒಳಗಿರುವ ವಿನಯ ಇದೇ.

ವಿಶ್ವವಿದ್ಯಾಲಯಗಳು ಸುಸ್ಥಿರತೆಯ ಕೇಂದ್ರಗಳನ್ನು ಕಟ್ಟಲಿ, ವಿದ್ವಾಂಸರನ್ನು ಕರೆಯಲಿ. ಆ ಮಂಡಳಿಯಲ್ಲಿ ಒಂದು ಸ್ಥಾನ ಕಾಲುವೆಯ ಕೊನೆಯ ಹೊಲದ ರೈತನಿಗೂ, ಒಂದು ಸ್ಥಾನ ನೀರು ಹೊರುವ ತಾಯಿಗೂ ಇರಲಿ. ಪ್ರತಿ ಸಭೆಯ ಮೊದಲ ಕಾರ್ಯವು ಹೊಸ ಸಲಹೆಯಾಗದೆ, ಹಿಂದೆ ಕೊಟ್ಟ ಸಲಹೆ ಏನಾಯಿತೆಂಬ ವಿಚಾರಣೆಯಾಗಲಿ. ಸುರೇಬಾನದಂಥ ಊರುಗಳಿಂದ ಓದಲು ಹೋದ ಮಕ್ಕಳು ಅಲ್ಲಿ ಇದೊಂದನ್ನು ಕಲಿತು ಬಂದರೂ ಸಾಕು, ಆ ಕೇಂದ್ರದ ಹೆಸರು ಸಾರ್ಥಕವಾಗುತ್ತದೆ. ನೆಲ ಬಾಳಬೇಕಾದರೆ ನೆಲದ ಬಗ್ಗೆ ಆಡಿದ ಮಾತಿಗೆ ಬಾಧ್ಯಸ್ಥರು ಇರಬೇಕು.