ಕೈ ತೊಳೆಯುವ ನಲ್ಲಿ

ಬೆಳಗ್ಗೆ ಏಳರ ಹೊತ್ತಿಗೆ ನಮ್ಮ ಬಡಾವಣೆಯ ಆಚೆ ತಿರುವಿನಲ್ಲಿ ಆಟೋ ಟಿಪ್ಪರ್‌ಗಳು ಸಾಲುಗಟ್ಟುತ್ತವೆ. ಮನೆಮನೆಯಿಂದ ತಂದ ಕಸವನ್ನು ಕಾಂಪ್ಯಾಕ್ಟರ್ ಲಾರಿಗೆ ಸುರಿಯುವ ಸಮಯ. ಲಾರಿ ಒಮ್ಮೆ ಕಸ ಒತ್ತಿದರೆ ಸಾಕು, ಹಿಂಬದಿಯಿಂದ ಕಪ್ಪು ನೀರು ಜಿನುಗಿ ಡಾಂಬರಿನ ಮೇಲೆ ಹರಿದು ಮೋರಿಗೆ ಇಳಿಯುತ್ತದೆ. ಅದನ್ನೇ ತುಳಿದುಕೊಂಡು ಮಕ್ಕಳು ಶಾಲೆಗೆ ಹೋಗುತ್ತಾರೆ. ಅಲ್ಲಿ ಬರಿಗೈಯಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದೆ: “ಕೈ ತೊಳೆಯೋಕೆ ನೀರು ಎಲ್ಲಮ್ಮಾ?”

“ಟೀ ಅಂಗಡಿ ಅಣ್ಣ ಒಂದು ಚೊಂಬು ಕೊಡ್ತಾನೆ ಸಾರ್. ಅಂಗಡಿ ಇಲ್ದಿದ್ರೆ ಸೆರಗಿಗೆ ಒರೆಸ್ಕೊಂಡು ತಿಂಡಿ ತಿಂತೀವಿ.”

ನಮ್ಮ ಉತ್ತರ ಬೆಂಗಳೂರಿನವರಿಗೆ ಕಸದ ಕಥೆ ಮೂಗಿನಿಂದಲೇ ಗೊತ್ತು. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ನಗರದ ಕಸ ಬೆಟ್ಟವಾಗಿ ಬೆಳೆಯಿತು. ನೀರು ಕೆಟ್ಟಿತು, ಕಾಯಿಲೆ ಹೆಚ್ಚಿತು ಎಂದು ಊರವರು ವರ್ಷಗಟ್ಟಲೆ ಕೂಗಿದರು. 2012ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಅಲ್ಲಿಗೆ ಕಸ ಹಾಕುವುದನ್ನು ನಿಲ್ಲಿಸಿತು. ಆಗ ರಾಶಿ ನಮ್ಮ ಬೀದಿಗಳಲ್ಲೇ ಬಿತ್ತು. ನಗರದ ಕಸ ಬೀಳುತ್ತಿದ್ದ ಮಂಡೂರಿನ ಜನರೂ ಹೋರಾಡಿ, 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ಆಮೇಲೆ ಬೆಳ್ಳಹಳ್ಳಿಯ ಕ್ವಾರಿ, ಮಿಟ್ಟಗಾನಹಳ್ಳಿಯ ಕ್ವಾರಿ. ಒಂದು ಗುಂಡಿ ತುಂಬಿದರೆ ಇನ್ನೊಂದನ್ನು ಹುಡುಕಿದೆವು. ಕಸ ಕೈಬದಲಾಗುವ ಜಾಗವನ್ನು ಅಚ್ಚುಕಟ್ಟಾಗಿ ಕಟ್ಟುವ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ನೋವಾಗುವುದು ಇಲ್ಲೇ.

ಅಂಥ ಜಾಗಕ್ಕೆ ಬೇಕಾದದ್ದೇನು? ಮೇಲೊಂದು ಸೂರು, ಮಳೆನೀರು ಕಸಕ್ಕೆ ಬೀಳದ ಹಾಗೆ. ಕೆಳಗೆ ನೀರು ಹೀರದ ಗಟ್ಟಿ ನೆಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಗೊಬ್ಬರದ ರಾಶಿ ಹಾಕುವ ನೆಲಕ್ಕೆ ಶೇ 1ರಿಂದ 2ರಷ್ಟು ಇಳಿಜಾರು ಇರಬೇಕು, ಸುತ್ತ ಚರಂಡಿ ಇರಬೇಕು ಎಂದವು. ನೂರು ಅಡಿಗೆ ಒಂದೆರಡು ಅಡಿ ತಗ್ಗು, ಅಷ್ಟೇ. ಕಸ ಕೈಬದಲಾಗುವ ಜಾಗಕ್ಕೂ ಅದೇ ಲೆಕ್ಕ ಹೊಂದುತ್ತದೆ. ಆ ಇಳಿಜಾರು ಸರಿಯಿದ್ದರೆ ಕಸದ ನೀರು ತಾನಾಗಿ ತೊಟ್ಟಿ ಸೇರುತ್ತದೆ, ಅಲ್ಲಿಂದ ಶುದ್ಧೀಕರಣಕ್ಕೆ ಹೋಗುತ್ತದೆ. ತಪ್ಪಿದರೆ ನಿಂತಲ್ಲೇ ಕೊಳೆತು ನೊಣ ಸಾಕುತ್ತದೆ, ನೆಲ ಬಿರುಕು ಬಿಟ್ಟಿದ್ದರೆ ಬೋರ್‌ವೆಲ್‌ವರೆಗೂ ಇಳಿಯುತ್ತದೆ. ಗಾರೆ ಕೆಲಸದವನ ಮಟ್ಟಗೋಲು ಒಂದು ಊರಿನ ಕುಡಿಯುವ ನೀರನ್ನು ಕಾಯಬಲ್ಲದು.

ಒಣ ಕಸದ ಕೇಂದ್ರಗಳ ಮಾತೇ ಬೇರೆ. ಅಲ್ಲಿ ಶತ್ರು ಧೂಳು. ಕಿಟಕಿಯಿಲ್ಲದ ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ ಹತ್ತು ನಿಮಿಷ ನಿಂತರೆ ಗಂಟಲು ಕಟ್ಟುತ್ತದೆ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ದಿನವಿಡೀ ಹಾಲಿನ ಕವರು, ಬಾಟಲಿ, ರಟ್ಟು ಬೇರೆ ಮಾಡುವವರ ಸೊಂಟ, ಮಂಡಿ ಏನಾಗಬೇಡ? ಸೊಂಟದೆತ್ತರದ ಒಂದು ಮೇಜು ಹಾಕಿದರೆ ಆ ನೋವು ಎಷ್ಟೋ ತಗ್ಗುತ್ತದೆ. ಇಂಥ ಕೆಲಸದವರು ಯಾರೆಂದು ಗೊತ್ತಿಲ್ಲದ್ದೇನಲ್ಲ; ನಮ್ಮ ಪಾಲಿಕೆ 2011ರಲ್ಲೇ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರುಮಾಡಿತ್ತು. ಅದರ ಹಿಂದೆ ಹಸಿರು ದಳದಂಥ ಸಂಘಟನೆಯ ದುಡಿಮೆಯಿತ್ತು. ಕೇಂದ್ರದ ನಕ್ಷೆ ಬರೆಯುವ ಎಂಜಿನಿಯರ್ ಮೊದಲು ಈ ಚೀಟಿದಾರರ ಜೊತೆ ಅರ್ಧ ದಿನ ಕೂರಬೇಕು. ಸ್ಯಾನಿಟರಿ ಪ್ಯಾಡು, ಒಡೆದ ಬಲ್ಬು, ಸೂಜಿ ಯಾವ ಚೀಲದಲ್ಲಿ ಅಡಗಿ ಬರುತ್ತವೆ, ಅವನ್ನು ಎತ್ತಿಡಲು ಎಲ್ಲಿ ಜಾಗ ಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ.

ಕೈಗವಸು, ಮಾಸ್ಕು, ಬೂಟು, ರೇನ್‌ಕೋಟು ಕೊಡಬೇಕೆಂದು ಅದೇ 2016ರ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಕಳಚಿದ ಕೈಗವಸನ್ನು ಎಲ್ಲಿ ಒಣಹಾಕುವುದು? ಬಟ್ಟೆ ಎಲ್ಲಿ ಬದಲಾಯಿಸುವುದು? ಮುಂದಿನ ಸಲ ನಮ್ಮ ವಾರ್ಡಿನಲ್ಲಿ ಇಂಥ ಕೇಂದ್ರದ ನಕ್ಷೆ ತೋರಿಸಿದರೆ, ನಾನು ಯಂತ್ರದ ಸಾಮರ್ಥ್ಯ ಎಷ್ಟು ಟನ್ ಎಂದು ಮೊದಲು ಕೇಳುವುದಿಲ್ಲ. ಕಸ ಬೇರ್ಪಡಿಸುವ ಮೇಜಿನಿಂದ ನಲ್ಲಿಗೆ ಎಷ್ಟು ಹೆಜ್ಜೆ, ಹೆಂಗಸರ ಶೌಚಾಲಯದ ಬಾಗಿಲು ಯಾವ ಕಡೆಗಿದೆ, ಆ ತಾಯಿ ತಿಂಡಿ ಡಬ್ಬಿ ಬಿಚ್ಚುವ ಕಟ್ಟೆ ಎಲ್ಲಿ ಎಂದು ಕೇಳುತ್ತೇನೆ.