ಸೋತವರೆಲ್ಲ ಅನರ್ಹರೇ?

ಗೆದ್ದವನಿಗೆ ಯೋಗ್ಯತೆಯಿತ್ತು, ಸೋತವನಿಗೆ ಇರಲಿಲ್ಲ ಎಂದು ನಾವು ಸಲೀಸಾಗಿ ತೀರ್ಮಾನಿಸಿಬಿಡುತ್ತೇವೆ. ಪರೀಕ್ಷೆ, ವ್ಯಾಪಾರ, ಕಲೆ ಎಲ್ಲದರಲ್ಲೂ ಫಲಿತಾಂಶವೇ ನಮಗೆ ತೀರ್ಪು. ಈ ತೀರ್ಪು ಎಷ್ಟರ ಮಟ್ಟಿಗೆ ನ್ಯಾಯವಾದದ್ದು? ನಮ್ಮಲ್ಲಿ ಹೆಚ್ಚಿನವರು ಕೇಳಿರದ ಒಂದು ಸಂಗೀತ ಆಲ್ಬಮ್‌ನ ಕಥೆ ಈ ಪ್ರಶ್ನೆಯನ್ನು ಎತ್ತುತ್ತದೆ.

1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 'ಥ್ರ್ಯಾಶ್ ಮೆಟಲ್' ಎಂಬ ಸಂಗೀತ ಪ್ರಕಾರ ಹುಲುಸಾಗಿ ಬೆಳೆಯಿತು. ಗಿಟಾರ್‌ನ ಅಬ್ಬರ, ಡ್ರಮ್‌ನ ಮಿಂಚಿನ ವೇಗ, ಸಿಟ್ಟು ತುಂಬಿದ ಹಾಡು. ಹಿರಿಯರ ಕಿವಿಗೆ ಅದು ಬರೀ ಗದ್ದಲ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ 'ಮೆಟಾಲಿಕಾ' ಈ ಪ್ರಕಾರದ ಅತ್ಯಂತ ಪ್ರಸಿದ್ಧ ತಂಡ. ಅದೇ ಪರಿಸರದಲ್ಲಿ ಬೆಳೆದ ಇನ್ನೊಂದು ತಂಡ 'ಡೆತ್ ಏಂಜಲ್'. ಅದರ ಐವರೂ ಫಿಲಿಪ್ಪೀನ್ಸ್ ಮೂಲದ ಕುಟುಂಬಗಳ ಹುಡುಗರು, ಪರಸ್ಪರ ಬಂಧುಗಳು. ಮೊದಲ ಆಲ್ಬಮ್ ಧ್ವನಿಮುದ್ರಣವಾದಾಗ ಡ್ರಮ್ ಬಾರಿಸಿದ ಆ್ಯಂಡಿ ಗ್ಯಾಲಿಯನ್‌ಗೆ ಕೇವಲ 14 ವರ್ಷ.

ಅವರ ಮೂರನೆಯ ಆಲ್ಬಮ್ 'ಆಕ್ಟ್ ತ್ರೀ' 1990ರಲ್ಲಿ ಗೆಫೆನ್ ಎಂಬ ದೊಡ್ಡ ಕಂಪೆನಿಯಿಂದ ಹೊರಬಂತು. ವೇಗದ ಹಾಡುಗಳ ನಡುವೆ ಮೆಲುದನಿಯ ಗಿಟಾರ್‌ನ ಹಾಡುಗಳನ್ನೂ ಇಡುವ ಧೈರ್ಯ ಅದರಲ್ಲಿತ್ತು. ಮರುವರ್ಷ ಸ್ಲೇಯರ್, ಮೆಗಾಡೆತ್, ಆ್ಯಂಥ್ರಾಕ್ಸ್ ತಂಡಗಳ ಜೊತೆ ಅಮೆರಿಕದ ಉದ್ದಗಲಕ್ಕೂ ಕಾರ್ಯಕ್ರಮ ನೀಡುವ ಅವಕಾಶವೂ ಕಾದಿತ್ತು. ಅಷ್ಟರಲ್ಲಿ, 1990ರ ಕೊನೆಗೆ, ಅರಿಝೋನಾದಲ್ಲಿ ಅವರ ಬಸ್ಸು ಅಪಘಾತಕ್ಕೀಡಾಯಿತು. ಗಂಭೀರವಾಗಿ ಗಾಯಗೊಂಡ ಗ್ಯಾಲಿಯನ್ ಚೇತರಿಸಿಕೊಳ್ಳಲು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಪ್ರವಾಸದಲ್ಲಿ ಅವರ ಜಾಗ 'ಆ್ಯಲಿಸ್ ಇನ್ ಚೈನ್ಸ್' ಎಂಬ ಹೊಸ ತಂಡದ ಪಾಲಾಯಿತು. ಆ ತಂಡ ಮುಂದೆ ಜಗತ್ಪ್ರಸಿದ್ಧವಾಯಿತು. ಡೆತ್ ಏಂಜಲ್ 1991ರಲ್ಲಿ ಒಡೆದುಹೋಯಿತು. ಸಂಗೀತದ ಗಾಳಿಯೂ ಅದೇ ವರ್ಷ ಬೇರೆ ಕಡೆಗೆ ತಿರುಗಿತು.

ಗೆದ್ದ ತಂಡಕ್ಕೆ ಪ್ರತಿಭೆ ಇರಲಿಲ್ಲವೆಂದಲ್ಲ. ಅದರ ಕೀರ್ತಿಗೆ ಆ ಪ್ರವಾಸವೊಂದೇ ಕಾರಣವೂ ಅಲ್ಲ. ಆದರೆ ಬಸ್ಸು ಮಗುಚುವುದಕ್ಕೂ ಹಾಡಿನ ಗುಣಕ್ಕೂ ಏನು ಸಂಬಂಧ? ಅಪಘಾತದ ಹಿಂದಿನ ದಿನ ಆ ಆಲ್ಬಮ್ ಎಷ್ಟು ಒಳ್ಳೆಯದಿತ್ತೋ ಮರುದಿನವೂ ಅಷ್ಟೇ ಒಳ್ಳೆಯದಿತ್ತು.

ಮನುಷ್ಯನ ಹಿಡಿತದಲ್ಲಿಲ್ಲದ ಸಂಗತಿಗಳನ್ನು ಹಿಡಿದು ನಾವು ಅವನ ಬೆಲೆ ಕಟ್ಟುವ ಈ ಸಮಸ್ಯೆಯನ್ನು ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ತತ್ವಜ್ಞಾನಿಗಳು 1976ರಲ್ಲಿ 'ನೈತಿಕ ಅದೃಷ್ಟ' ಎಂಬ ಹೆಸರಿನಲ್ಲಿ ಚರ್ಚೆಗೆ ತಂದರು. ಇಬ್ಬರು ಚಾಲಕರು ಒಂದೇ ರೀತಿ ಅಜಾಗರೂಕರಾಗಿರುತ್ತಾರೆ. ಒಬ್ಬನ ದಾರಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನ ದಾರಿಗೆ ಬರುವುದಿಲ್ಲ. ತಪ್ಪು ಒಂದೇ ಆದರೂ ಒಬ್ಬನನ್ನು ಮಾತ್ರ ನಾವು ಜೀವಮಾನವಿಡೀ ದೂಷಿಸುತ್ತೇವೆ. ದೂಷಣೆಯ ವಿಷಯದಲ್ಲಿ ಅವರು ಕಂಡದ್ದು ಹೊಗಳಿಕೆಗೂ ಸಲ್ಲುತ್ತದೆ.

ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬಂದೇ ಬರುತ್ತಾರೆ ಎಂದು ಕೆಲವರು ವಾದಿಸುತ್ತಾರೆ. ಆದರೆ ಈ ವಾದಕ್ಕೆ ಸಾಕ್ಷಿ ನುಡಿಯುವವರು ಮೇಲೆ ಬಂದವರೇ. ದಾರಿಯಲ್ಲಿ ಬಿದ್ದವರನ್ನು ಯಾರು ಕೇಳಿದ್ದಾರೆ? ಪರೀಕ್ಷೆಯ ದಿನ ಜ್ವರ ಬಂದ ವಿದ್ಯಾರ್ಥಿಯ ಭಾವಚಿತ್ರ ಪತ್ರಿಕೆಯಲ್ಲಿ ಬರುವುದಿಲ್ಲ. ಫಲಿತಾಂಶವನ್ನೇ ತೀರ್ಪೆಂದು ನಂಬಿದರೆ ಬಿದ್ದವನಿಗೆ ಎರಡು ಪೆಟ್ಟು. ಸೋಲಿನ ನೋವು ಒಂದು, ಅಯೋಗ್ಯನೆಂಬ ಹಣೆಪಟ್ಟಿ ಇನ್ನೊಂದು. ಗೆದ್ದವನಿಗೂ ಅದು ಒಳ್ಳೆಯದಲ್ಲ. ಕೃತಜ್ಞತೆ ಇರಬೇಕಾದ ಕಡೆ ಅಹಂಕಾರ ಬಂದು ಕೂರುತ್ತದೆ.

ತಂಡ ಒಡೆದ ಮೇಲೂ ನಾಲ್ವರು ಕೂಡಿಯೇ ಇದ್ದರು. ಗ್ಯಾಲಿಯನ್‌ನನ್ನೂ ಸೇರಿಸಿಕೊಂಡು ಬೇರೆ ಹೆಸರಿನಲ್ಲಿ ನುಡಿಸಿದರು. 2001ರಲ್ಲಿ, ಕ್ಯಾನ್ಸರ್‌ಗೆ ತುತ್ತಾಗಿದ್ದ 'ಟೆಸ್ಟಮೆಂಟ್' ತಂಡದ ಗಾಯಕ ಚಕ್ ಬಿಲ್ಲಿಯ ನೆರವಿಗಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಕಛೇರಿಯಲ್ಲಿ ಡೆತ್ ಏಂಜಲ್ ಮತ್ತೆ ವೇದಿಕೆ ಏರಿತು. ಡ್ರಮ್ ಮುಂದೆ ಕುಳಿತದ್ದು ಅದೇ ಗ್ಯಾಲಿಯನ್. ಹತ್ತು ವರ್ಷ ಮೌನವಾಗಿದ್ದ ತಂಡವನ್ನು ಮತ್ತೆ ಒಟ್ಟುಗೂಡಿಸಿದ್ದು ಕಾಯಿಲೆ ಬಿದ್ದ ಗೆಳೆಯನ ಕಷ್ಟ. ಮಾರಾಟದ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ. ಮನುಷ್ಯರನ್ನು ಅಳೆಯುವಾಗ ನಾವು ಆ ಲೆಕ್ಕವೊಂದನ್ನೇ ನೆಚ್ಚಿಕೊಳ್ಳಬೇಕೇ?